ಎಲ್‌ಇಡಿ ಹಾಕಿದರೂ ಬಿಲ್ ಇಳಿಯಲಿಲ್ವಾ? ನಗರಾಡಳಿತದ ಕಟ್ಟಡಗಳಲ್ಲಿ ಕರೆಂಟು ಉಳಿಸುವ ಕೆಲಸ, ಹಂತ ಹಂತವಾಗಿ

ಹಳೇ ಟ್ಯೂಬ್‌ಲೈಟ್ ಕಿತ್ತು ಎಲ್‌ಇಡಿ ಹಾಕಿದ್ದಾಯ್ತು, ಚಾವಣಿ ಮೇಲೆ ಸೋಲಾರ್ ಕೂರಿಸಿದ್ದಾಯ್ತು, ರಿಬ್ಬನ್ ಕತ್ತರಿಸಿದ್ದೂ ಆಯ್ತು. ವರ್ಷ ಕಳೆದ ಮೇಲೆ ಲೆಕ್ಕ ನೋಡಿದರೆ ಬಿಲ್ ಹೆಚ್ಚೂಕಮ್ಮಿ ಇದ್ದಲ್ಲೇ ಇದೆ. ನಗರಾಡಳಿತದ ಕಚೇರಿ, ಗ್ರಂಥಾಲಯ, ಸಮುದಾಯ ಭವನ, ಈಜುಕೊಳ ನೋಡಿಕೊಳ್ಳುವವರು ಮತ್ತೆ ಮತ್ತೆ ಹೇಳುವ ದೂರು ಇದೇ. ಬಹುತೇಕ ಕಡೆ ತಪ್ಪಿರುವುದು ಕೆಲಸದ ಕ್ರಮ. ಕೊನೆಗೆ ಮಾಡಬೇಕಾದ ಖರೀದಿ ಮೊದಲು ಆಗಿರುತ್ತದೆ, ಮೊದಲು ಮಾಡಬೇಕಾದ ಅಳತೆ ಆಗಿರುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ಎಲ್ಲಿ ಕೈ ಸುಡುತ್ತದೆ ಅನ್ನುವುದನ್ನೂ ಆಯಾ ಜಾಗದಲ್ಲೇ ಹೇಳಿದ್ದೇನೆ.

## ಶುರುಮಾಡುವ ಮುಂಚೆ ಬೇಕಾಗುವುದು

ತಂತಿ ಕತ್ತರಿಸದೆ, ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಒಂದು. ವಾಟ್ ಮತ್ತು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಅನ್ನುವ ಅಳತೆ) ಎರಡನ್ನೂ ತೋರಿಸುವಂಥದ್ದಾಗಲಿ, ಬರೀ ಆಂಪಿಯರ್ ತೋರಿಸುವುದು ಸಾಲದು. ಬೆಳಕು ಅಳೆಯಲು ಲಕ್ಸ್ ಮೀಟರ್. ತಾಪಮಾನವನ್ನು ತಾನೇ ಬರೆದಿಟ್ಟುಕೊಳ್ಳುವ ಪುಟ್ಟ ಲಾಗರ್ ಐದಾರು. ಪ್ಲಗ್‌ಗೆ ಸಿಕ್ಕಿಸುವ ವಾಟ್ ಮೀಟರ್. ಬಿಸಿ ತಂಪನ್ನು ಬಣ್ಣದ ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಕೊಳ್ಳುವುದು ಬೇಡ, ಎರಡು ದಿನಕ್ಕೆ ಬಾಡಿಗೆಗೆ ತಂದರೆ ಸಾಕು.

ಇವೆಲ್ಲಕ್ಕಿಂತ ಮುಖ್ಯ ಇಬ್ಬರು ಜನ. ಒಬ್ಬರು, 'ಇದನ್ನು ಆರಿಸಿ' ಅಂತ ಹೇಳುವ ಅಧಿಕಾರ ಇರುವವರು. ಇನ್ನೊಬ್ಬರು, ಆ ಕಟ್ಟಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನೋ ಕಾವಲುಗಾರರೋ. ಯಾವ ಸ್ವಿಚ್ ಒತ್ತಿದರೆ ಎಲ್ಲಿಯ ಲೈಟ್ ಹತ್ತುತ್ತದೆ, ಯಾವ ಏಸಿಯನ್ನು ಯಾರು ಆರಿಸಲು ಬಿಡುವುದಿಲ್ಲ ಅನ್ನುವುದೆಲ್ಲ ಅವರಿಗೆ ಗೊತ್ತು, ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಈ ಇಬ್ಬರು ಜೊತೆಗಿಲ್ಲದೆ ಹೊರಗಿನ ಸಲಹೆಗಾರರನ್ನು ಕರೆಸಿದರೆ ಚೆಂದದ ವರದಿಯೊಂದು ಬರುತ್ತದೆ, ಬೀರು ಸೇರುತ್ತದೆ, ಅಷ್ಟೇ.

## ಹಂತ 1: ಬಿಲ್ ಜೋಡಿಸಿ, ಮೀಟರ್ ಹುಡುಕಿ

ಕನಿಷ್ಠ 24 ತಿಂಗಳ ಬಿಲ್ ತೆಗೆಯಿರಿ, 36 ಸಿಕ್ಕರೆ ಇನ್ನೂ ಒಳ್ಳೆಯದು. ಗ್ಯಾಸ್ ಅಥವಾ ಡೀಸೆಲ್ ಬಳಸುವ ಕಟ್ಟಡವಾದರೆ ಅದರ ಲೆಕ್ಕವೂ ಬೇಕು, ಜನರೇಟರ್ ಡೀಸೆಲ್ ಅಂತೂ ಬಿಟ್ಟೇಹೋಗಿರುತ್ತದೆ. ತಿಂಗಳಿಗೊಂದು ಸಾಲು ಮಾಡಿ ಬರೆಯಬೇಕಾದದ್ದು ಯೂನಿಟ್ ಲೆಕ್ಕ, ಹಣದ ಲೆಕ್ಕ ಅಲ್ಲ. ದರ ಏರಿದರೆ ಬಳಕೆ ಇಳಿದಿದ್ದರೂ ಬಿಲ್ ಏರುತ್ತದೆ. ಹಣ ಮಾತ್ರ ನೋಡಿಕೊಂಡು ಕೂತವರಿಗೆ ತಾವು ಗೆದ್ದದ್ದೂ ಗೊತ್ತಾಗುವುದಿಲ್ಲ, ಸೋತದ್ದೂ ಗೊತ್ತಾಗುವುದಿಲ್ಲ.

ಆಮೇಲೆ ಬಿಲ್ ಕೈಯಲ್ಲಿ ಹಿಡಿದು ಒಂದೊಂದೇ ಮೀಟರ್ ಹತ್ತಿರ ಹೋಗಿ. ಬಿಲ್ಲಿನಲ್ಲಿರುವ ನಂಬರ್, ಮೀಟರ್ ಮೇಲಿರುವ ನಂಬರ್ ಒಂದೇನಾ? ಆ ಮೀಟರ್ ಯಾವುದಕ್ಕೆಲ್ಲ ಕರೆಂಟು ಕೊಡುತ್ತಿದೆ? ಗ್ರಂಥಾಲಯದ ಮೀಟರ್‌ನಿಂದ ಪಕ್ಕದ ಉದ್ಯಾನದ ದೀಪ, ನೀರಿನ ಪಂಪು, ಮೂಲೆಯ ಕ್ಯಾಂಟೀನು ನಡೆಯುತ್ತಿರುವುದು ಅಪರೂಪವೇನಲ್ಲ. ಕೆಡವಿ ಹಾಕಿದ ಕಟ್ಟಡದ ಹೆಸರಲ್ಲಿ ಇನ್ನೂ ಕನಿಷ್ಠ ಶುಲ್ಕ ಕಟ್ಟುತ್ತಿರುವುದೂ ಇಲ್ಲೇ ಸಿಕ್ಕಿಬೀಳುತ್ತದೆ.

ಈಗ ವರ್ಷದ ಒಟ್ಟು ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರಿನಿಂದ ಭಾಗಿಸಿ. ಹವಾನಿಯಂತ್ರಣ ಇಲ್ಲದ ಪಾರ್ಕಿಂಗ್ ಜಾಗವನ್ನು ವಿಸ್ತೀರ್ಣಕ್ಕೆ ಸೇರಿಸಬೇಡಿ, ಸೇರಿಸಿದರೆ ಕೆಟ್ಟ ಕಟ್ಟಡವೂ ಒಳ್ಳೆಯದರಂತೆ ಕಾಣುತ್ತದೆ.

ಎಚ್ಚರಿಕೆಯ ಗುರುತು: ಮೂರ್ನಾಲ್ಕು ತಿಂಗಳು ಒಂದೇ ಯೂನಿಟ್ ಇದ್ದು ಆಮೇಲೆ ದಿಢೀರನೆ ಏರಿದ್ದರೆ, ಮೀಟರ್ ಓದದೆ ಅಂದಾಜಿನ ಮೇಲೆ ಬಿಲ್ ಹಾಕಿದ್ದಾರೆ ಅಂತ ಅರ್ಥ. ಆ ತಿಂಗಳುಗಳನ್ನು ಒಟ್ಟು ಸೇರಿಸಿ ನೋಡಿ, ಬಿಡಿಬಿಡಿಯಾಗಿ ನಂಬಬೇಡಿ.

## ಹಂತ 2: ಎಲ್ಲ ಕಟ್ಟಡಕ್ಕೂ ಒಟ್ಟಿಗೆ ಕೈ ಹಾಕಬೇಡಿ

ಎರಡು ಪಟ್ಟಿ ಮಾಡಿ. ಒಂದರಲ್ಲಿ ಒಟ್ಟು ಯೂನಿಟ್ ಜಾಸ್ತಿ ತಿನ್ನುವ ಕಟ್ಟಡಗಳು, ಇನ್ನೊಂದರಲ್ಲಿ ಚದರ ಮೀಟರಿಗೆ ಜಾಸ್ತಿ ತಿನ್ನುವವು. ಎರಡೂ ಪಟ್ಟಿಯಲ್ಲಿ ಮೇಲೆ ಬರುವ ಎರಡು ಮೂರು ಕಟ್ಟಡಗಳಿಂದ ಶುರುಮಾಡಿ. ಹೋಲಿಸುವಾಗ ಈಜುಕೊಳವನ್ನು ಈಜುಕೊಳದ ಜೊತೆ, ಕಚೇರಿಯನ್ನು ಕಚೇರಿಯ ಜೊತೆ ಇಡಿ. ಇನ್ನೆರಡು ವರ್ಷದಲ್ಲಿ ಕೆಡವುವ ಕಟ್ಟಡ ಪಟ್ಟಿಯಲ್ಲಿದ್ದರೆ ಹೊಡೆದುಹಾಕಿ.

## ಹಂತ 3: ರಾತ್ರಿ ಹೋಗಿ ಮೀಟರ್ ಓದಿ

ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ, ಯಾಕಂದರೆ ರಾತ್ರಿ ಹೋಗಬೇಕಲ್ಲ.

ಕಚೇರಿ ಮುಚ್ಚಿ ಎಲ್ಲರೂ ಮನೆಗೆ ಹೋದ ಮೇಲೆ, ರಾತ್ರಿ 10ಕ್ಕೆ ಮುಖ್ಯ ಮೀಟರ್ ಓದಿ ಬರೆದಿಡಿ. ಬೆಳಿಗ್ಗೆ 6ಕ್ಕೆ ಇನ್ನೊಮ್ಮೆ ಓದಿ. ವ್ಯತ್ಯಾಸ 96 ಯೂನಿಟ್ ಬಂತು ಅನ್ನಿ. ಎಂಟು ಗಂಟೆಗೆ ಭಾಗಿಸಿದರೆ 12 ಕಿಲೋವಾಟ್. ಅಂದರೆ ನರಪಿಳ್ಳೆ ಇಲ್ಲದ ಕಟ್ಟಡ ಗಂಟೆಗೆ 12 ಯೂನಿಟ್ ಕುಡಿಯುತ್ತಿದೆ.

ಈಗ ವರ್ಷದ ಲೆಕ್ಕ ಹಾಕೋಣ. ವರ್ಷಕ್ಕೆ 8,760 ಗಂಟೆ. ಕಚೇರಿ ದಿನಕ್ಕೆ 10 ಗಂಟೆಯಂತೆ 250 ದಿನ ತೆರೆದಿದ್ದರೆ 2,500 ಗಂಟೆ ಆಯ್ತು. ಉಳಿದ 6,260 ಗಂಟೆ ಬಾಗಿಲು ಹಾಕಿರುತ್ತದೆ. 12 ಕಿಲೋವಾಟ್‌ನಲ್ಲಿ ಅರ್ಧ ಆರಿಸಿದರೂ ವರ್ಷಕ್ಕೆ 37,560 ಯೂನಿಟ್ ಉಳಿಯಿತು. ಅದೇ ಕಟ್ಟಡದಲ್ಲಿ 400 ಹಳೇ ಟ್ಯೂಬ್‌ಗಳನ್ನು ಎಲ್‌ಇಡಿಗೆ ಬದಲಿಸಿ, ಒಂದೊಂದಕ್ಕೆ 28 ವಾಟ್ ಉಳಿಸಿದಿರಿ ಅಂತ ಇಟ್ಟುಕೊಳ್ಳಿ. ಕಚೇರಿ ವೇಳೆಯಲ್ಲೆಲ್ಲ ಅವು ಉರಿದವು ಅಂದುಕೊಂಡರೂ ಉಳಿಯುವುದು 28,000 ಯೂನಿಟ್. ಒಂದಕ್ಕೆ ಟೆಂಡರ್ ಬೇಕು, ಇನ್ನೊಂದಕ್ಕೆ ಟಾರ್ಚ್ ಹಿಡಿದ ಒಬ್ಬ ಮನುಷ್ಯ ಸಾಕು.

ಯಾವುದು ತಿನ್ನುತ್ತಿದೆ ಅಂತ ಹುಡುಕುವ ಬಗೆ ಹೀಗೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಪ್ಯಾನೆಲ್ ತೆರೆದು ಒಂದೊಂದು ಸರ್ಕ್ಯೂಟಿಗೂ ಕ್ಲಾಂಪ್ ಮೀಟರ್ ಹಾಕುತ್ತಾ ಹೋಗಲಿ, ಇನ್ನೊಬ್ಬರು ಬರೆದುಕೊಳ್ಳಲಿ. ದೊಡ್ಡ ಸಂಖ್ಯೆ ಬಂದ ಕಡೆ ತಂತಿ ಹಿಡಿದು ನಡೆಯಿರಿ. ಸಾಮಾನ್ಯವಾಗಿ ಸಿಗುವುದು: ಖಾಲಿ ಸಭಾಂಗಣದ ಏಸಿ, ಶೌಚಾಲಯದ ಎಕ್ಸಾಸ್ಟ್ ಫ್ಯಾನ್, ಮಹಡಿಗೊಂದು ನೀರು ಬಿಸಿ ಮಾಡುವ ಯಂತ್ರ, ಸ್ಟ್ಯಾಂಡ್‌ಬೈನಲ್ಲಿರುವ ಜೆರಾಕ್ಸ್ ಮೆಷಿನ್, ಅಗತ್ಯಕ್ಕಿಂತ ಮೂರು ಪಟ್ಟು ದೊಡ್ಡ ಯುಪಿಎಸ್, ಮತ್ತೆ ಎಲ್ಲೋ ಸೋರುತ್ತಿರುವ ಪೈಪ್‌ನಿಂದಾಗಿ ರಾತ್ರಿಯಿಡೀ ಗಂಟೆಗೊಮ್ಮೆ ತಾನೇ ಎದ್ದು ಕೂರುವ ನೀರಿನ ಪಂಪು. ಈ ಕೊನೆಯದಕ್ಕೆ ಔಷಧಿ ಪಂಪಿನಲ್ಲಿಲ್ಲ, ಪೈಪ್ ರಿಪೇರಿಯಲ್ಲಿದೆ.

ಸರ್ವರ್ ಕೋಣೆಯನ್ನು ಬೇರೆಯಾಗಿ ನೋಡಿ. ಒಳಗೆ ಕಾಲಿಟ್ಟರೆ ಚಳಿ ಹಿಡಿಯುವಂತಿದ್ದರೆ ಕರೆಂಟು ಸುಮ್ನೆ ಪೋಲಾಗುತ್ತಿದೆ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಬಹುದು ಅನ್ನುವುದು ಹವಾನಿಯಂತ್ರಣ ಎಂಜಿನಿಯರ್‌ಗಳ ಅಮೆರಿಕದ ಸಂಘ ಆಶ್ರೇಯ (ASHRAE) ಶಿಫಾರಸು. 18ಕ್ಕೇ ಇಟ್ಟು ಕೂರುವ ಅವಶ್ಯಕತೆ ಇಲ್ಲ.

ಮುಟ್ಟಬಾರದ್ದು: ಅಗ್ನಿಶಾಮಕ ಪಂಪು, ಫೈರ್ ಅಲಾರಂ, ತುರ್ತು ದೀಪ, ಲಿಫ್ಟಿನ ಎಚ್ಚರಿಕೆ ಗಂಟೆ, ಲಸಿಕೆ ಇಟ್ಟ ಫ್ರಿಜ್, ಭದ್ರತಾ ಕ್ಯಾಮೆರಾ. ಆರಿಸಿ ನೋಡೋಣ ಅಂತ ಹೊರಡುವ ಮುಂಚೆಯೇ ಇವುಗಳ ಸ್ವಿಚ್ಚಿಗೆ ಕೆಂಪು ಟೇಪ್ ಹಚ್ಚಿ.

## ಹಂತ 4: ಹಗಲು ಒಂದು ಸುತ್ತು

ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೋಣೆ ಕೋಣೆ ಸುತ್ತಿ. ಮೇಜಿನ ಮೇಲೆ ಲಕ್ಸ್ ಮೀಟರ್ ಇಡಿ. ಕಚೇರಿ ಮೇಜಿಗೆ 500 ಲಕ್ಸ್, ಓಡಾಡುವ ಪಡಸಾಲೆಗೆ 100 ಲಕ್ಸ್ ಅನ್ನುವುದು ಯುರೋಪಿನ ಮಾನದಂಡ. ನಿಮ್ಮಲ್ಲಿ ಬೇರೆ ನಿಯಮ ಇದ್ದರೆ ಅದನ್ನೇ ಹಿಡಿಯಿರಿ. ಪಡಸಾಲೆಯಲ್ಲಿ 400, ಓದುವ ಮೇಜಿನ ಮೇಲೆ 150 ಬರುವ ಕಟ್ಟಡಗಳೂ ಇರುತ್ತವೆ. ಅಂಥ ಕಡೆ ಬಲ್ಬ್ ಬದಲಿಸುವುದಕ್ಕಿಂತ ಮುಂಚೆ ಬಲ್ಬಿನ ಜಾಗ ಬದಲಿಸಬೇಕು.

ತಾಪಮಾನದ ಲಾಗರ್‌ಗಳನ್ನು ಒಂದು ವಾರ ಬಿಡಿ. ಬಿಸಿಲು ನೇರ ಬೀಳುವ ಕಿಟಕಿ ಹತ್ತಿರ ಬೇಡ, ಜನ ಕೂರುವ ಎತ್ತರದಲ್ಲಿ ಇಡಿ. ಕೂತಿರುವವರನ್ನೂ ಮಾತಾಡಿಸಿ. ಒಂದು ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ, ಪಕ್ಕದ ಕೋಣೆಯಲ್ಲಿ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ ಅಂದರೆ ಏಸಿ ಚಿಕ್ಕದಾಯ್ತು ಅಂತಲ್ಲ, ಗಾಳಿ ಹಂಚಿಕೆ ತಪ್ಪಿದೆ ಅಂತ. ಇದನ್ನು ಗುರುತಿಸದೆ ಇನ್ನೊಂದು ಏಸಿ ಹಾಕಿಬಿಡುವುದು ತೀರಾ ಸಾಮಾನ್ಯ ತಪ್ಪು.

## ಹಂತ 5: ಇರುವುದನ್ನೇ ಸರಿಯಾಗಿ ನಡೆಸಿ

ಇನ್ನೂ ಏನನ್ನೂ ಕೊಳ್ಳಬೇಡಿ. ಈಗಾಗಲೇ ಇರುವ ಯಂತ್ರಗಳ ಹೊತ್ತು, ಮಟ್ಟ, ಸ್ವಚ್ಛತೆ ಈ ಮೂರನ್ನು ಸರಿಮಾಡಿ.

ಹೊತ್ತು. ಟೈಮರ್‌ಗಳನ್ನು ತೆರೆದು ಅವುಗಳ ಗಡಿಯಾರ ನೋಡಿ. ಕರೆಂಟು ಹೋಗಿ ಬಂದಾಗ ಬ್ಯಾಟರಿ ಸತ್ತ ಟೈಮರ್ ತನ್ನ ಸಮಯ ಮರೆತುಬಿಡುತ್ತದೆ. ಹಾಗಾಗಿ ಹೊರಗಿನ ದೀಪ ಮಧ್ಯಾಹ್ನ ಉರಿಯುತ್ತಿರುತ್ತದೆ, ಏಸಿ ನಡುರಾತ್ರಿ ಶುರುವಾಗುತ್ತದೆ. ಹಲವು ಕಡೆ ಯಾರೋ ಬೇಸತ್ತು ಸ್ವಿಚ್ಚನ್ನು 'ಮ್ಯಾನ್ಯುಯಲ್'ಗೆ ತಿರುಗಿಸಿರುತ್ತಾರೆ, ಅದು ಆಮೇಲೆ ವಾಪಸ್ ಆಟೋಗೆ ಹೋಗಿರುವುದೇ ಇಲ್ಲ. ರಜೆ ದಿನಗಳ ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಅದು ಯಾರ ಕೆಲಸ ಅಂತ ಹೆಸರು ಬರೆದಿಡಿ.

ಮಟ್ಟ. ಬಿಸಿ ಮಾಡುವ, ತಂಪು ಮಾಡುವ ಎರಡೂ ವ್ಯವಸ್ಥೆ ಇರುವ ಕಟ್ಟಡದಲ್ಲಿ ಇವೆರಡರ ನಡುವೆ ಅಂತರ ಬೇಕೇ ಬೇಕು. ಉದಾಹರಣೆಗೆ 20 ಡಿಗ್ರಿಗಿಂತ ಕೆಳಗೆ ಹೋದರೆ ಮಾತ್ರ ಬಿಸಿ, 25 ದಾಟಿದರೆ ಮಾತ್ರ ತಂಪು, ನಡುವೆ ಎರಡೂ ಸುಮ್ಮನಿರಬೇಕು. ಎರಡನ್ನೂ 22ಕ್ಕೆ ಇಟ್ಟರೆ ಒಂದು ಬಿಸಿ ಮಾಡುತ್ತದೆ, ಇನ್ನೊಂದು ಅದನ್ನು ತಂಪು ಮಾಡುತ್ತದೆ, ನೀವು ಎರಡಕ್ಕೂ ದುಡ್ಡು ಕಟ್ಟುತ್ತೀರಿ. ಒಳಗೆ ಕೂತವರಿಗೆ ತಾಪಮಾನ ಹಿತವಾಗಿಯೇ ಇರುವುದರಿಂದ ಯಾರೂ ದೂರು ಕೊಡುವುದಿಲ್ಲ, ಅದೇ ತೊಂದರೆ. ಥರ್ಮೋಸ್ಟಾಟ್ ಎಲ್ಲಿದೆ ಅಂತಲೂ ನೋಡಿ. ಜೆರಾಕ್ಸ್ ಮೆಷಿನ್ ಹಿಂದೆ ಅಥವಾ ಬಿಸಿಲು ಬೀಳುವ ಗೋಡೆ ಮೇಲೆ ಇದ್ದರೆ ಅದು ಇಡೀ ಮಹಡಿಗೆ ಸುಳ್ಳು ಹೇಳುತ್ತಿರುತ್ತದೆ.

ಸ್ವಚ್ಛತೆ. ಏಸಿ ಫಿಲ್ಟರ್, ಹೊರಗಿನ ಕಾಯಿಲ್, ಫ್ಯಾನಿನ ರೆಕ್ಕೆ, ಲೈಟಿನ ಮುಚ್ಚಳ, ಬೆಲ್ಟಿನ ಬಿಗಿ. ಹೆಚ್ಚು ವಿವರಿಸುವಂಥದ್ದು ಇಲ್ಲ, ತಿಂಗಳ ಪಟ್ಟಿ ಮಾಡಿ ಸಹಿ ಹಾಕಿಸಿ.

ಎರಡು ಕಡೆ ಮಾತ್ರ ಉಳಿಸಲು ಹೋಗಬೇಡಿ. ಒಂದು, ಹೊರಗಿನ ತಾಜಾ ಗಾಳಿಯ ದಾರಿ ಪೂರ್ತಿ ಮುಚ್ಚಬೇಡಿ. ಜನ ತೂಕಡಿಸುತ್ತಾರೆ, ತಲೆನೋವು ಅನ್ನುತ್ತಾರೆ, ಕೊನೆಗೆ ಏಸಿ ಹಾಕಿದ್ದಾಗಲೇ ಕಿಟಕಿ ತೆರೆದಿಡುತ್ತಾರೆ. ಇನ್ನೊಂದು, ಬಿಸಿನೀರು ಶೇಖರಿಸುವ ಟ್ಯಾಂಕಿನ ತಾಪಮಾನವನ್ನು 60 ಡಿಗ್ರಿಗಿಂತ ಇಳಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರ್ ಇರುವ ಕ್ರೀಡಾಂಗಣದಂಥ ಕಟ್ಟಡದಲ್ಲಿ ಇದು ಜೀವಕ್ಕೇ ಅಪಾಯ. ನಲ್ಲಿಯಲ್ಲಿ ಕೈ ಸುಡದಂತೆ, ತಣ್ಣೀರು ಬೆರೆಸಿ ಬಿಡುವ ಮಿಕ್ಸಿಂಗ್ ವಾಲ್ವ್ ಇರಲಿ.

ಬಿಸಿನೀರಿನ ಈಜುಕೊಳ ಇದ್ದರೆ ರಾತ್ರಿ ಅದರ ಮೇಲೆ ಹೊದಿಕೆ ಎಳೆಯಿರಿ. ಕೊಳ ಕಳೆದುಕೊಳ್ಳುವ ಶಾಖದ ಬಹುಪಾಲು ನೀರು ಆವಿಯಾಗಿ ಹೋಗುವುದರಿಂದಲೇ. ಹೊದಿಕೆ ಕೊಂಡು ಮೂಲೆಯಲ್ಲಿ ಸುತ್ತಿಟ್ಟ ಜಾಗಗಳೂ ಇವೆ, ಎಳೆಯಲು ಇಬ್ಬರು ಬೇಕು, ರಾತ್ರಿ ಪಾಳಿಯಲ್ಲಿ ಇರುವುದು ಒಬ್ಬರೇ. ಕೊಳ್ಳುವಾಗಲೇ ಒಬ್ಬರೇ ತಿರುಗಿಸಬಲ್ಲ ರೋಲರ್ ಕೇಳಿ.

ಈ ಹಂತ ಮುಗಿದ ಮೇಲೆ ಎರಡು ಮೂರು ತಿಂಗಳು ಮೀಟರ್ ನೋಡಿ. ರಾತ್ರಿಯ ಓದನ್ನು ಇನ್ನೊಮ್ಮೆ ತೆಗೆಯಿರಿ.

## ಹಂತ 6: ಬಿಸಿಲು ಮತ್ತು ಚಳಿಯನ್ನು ಹೊರಗೇ ನಿಲ್ಲಿಸಿ

ಏಸಿ ಅಥವಾ ಬಾಯ್ಲರ್ ಬದಲಿಸುವ ಯೋಚನೆ ಇದ್ದರೆ ಅದಕ್ಕಿಂತ ಮೊದಲು ಇದು ಆಗಬೇಕು. ಮೊದಲು ಯಂತ್ರ ಕೊಂಡು ಆಮೇಲೆ ಚಾವಣಿಗೆ ಶಾಖ ತಡೆಯುವ ಪದರ ಹಾಕಿದರೆ, ಆ ಯಂತ್ರ ಕಟ್ಟಡಕ್ಕೆ ದೊಡ್ಡದಾಗುತ್ತದೆ. ದೊಡ್ಡ ಏಸಿ ಬೇಗ ತಂಪು ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಗಾಳಿಯ ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಂಪಾಗಿರುತ್ತದೆ, ಆದರೆ ಮೈ ಜಿಗುಟು.

ಬಿಸಿ ಪ್ರದೇಶವಾದರೆ ಚಾವಣಿ ಮೊದಲು, ಆಮೇಲೆ ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು. ಒಳಗಿನ ಪರದೆ ಕಣ್ಣು ಕುಕ್ಕುವುದನ್ನು ತಪ್ಪಿಸುತ್ತದೆ, ಆದರೆ ಅಷ್ಟು ಹೊತ್ತಿಗೆ ಶಾಖ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಚಳಿ ಪ್ರದೇಶವಾದರೆ ಗಾಳಿ ನುಸುಳುವ ಸಂದು ಮೊದಲು, ಆಮೇಲೆ ಚಾವಣಿ ಮತ್ತು ಗೋಡೆ, ಕಿಟಕಿ ಕೊನೆಗೆ. ಸಂದು ಹುಡುಕಲು ಬಾಡಿಗೆಯ ಥರ್ಮಲ್ ಕ್ಯಾಮೆರಾ ಈಗ ತನ್ನಿ. ಒಳಗೂ ಹೊರಗೂ ತಾಪಮಾನದ ವ್ಯತ್ಯಾಸ ಚೆನ್ನಾಗಿರುವ ಹೊತ್ತು ನೋಡಿಕೊಳ್ಳಿ, ಇಲ್ಲದಿದ್ದರೆ ಬಣ್ಣಬಣ್ಣದ ಚಿತ್ರ ಬರುತ್ತದೆ, ಅರ್ಥ ಬರುವುದಿಲ್ಲ.

ಎಚ್ಚರಿಕೆಯ ಗುರುತು: ಚಾವಣಿ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಒದ್ದೆಯಾದ ಪದರ ಶಾಖ ತಡೆಯುವುದಿಲ್ಲ, ಬೂಸ್ಟು ಹಿಡಿಸುತ್ತದೆ ಅಷ್ಟೇ.

## ಹಂತ 7: ಈಗ ಖರೀದಿ

ಇಷ್ಟು ಆದ ಮೇಲೆ ಎಷ್ಟು ದೊಡ್ಡದು, ಎಷ್ಟು ಸಂಖ್ಯೆ ಬೇಕು ಅನ್ನುವುದು ಬಹಳ ಇಳಿದಿರುತ್ತದೆ.

ಲೈಟು. ಹಳೇ ಫಿಟ್ಟಿಂಗಿನಲ್ಲೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವುದಾದರೆ ಒಳಗಿನ ಚೋಕ್ ತೆಗೆಸಿ ವೈರಿಂಗ್ ಬದಲಿಸಿ, ಇಲ್ಲದಿದ್ದರೆ ಚೋಕ್ ತನ್ನ ಪಾಲಿನ ಕರೆಂಟು ತಿನ್ನುತ್ತಲೇ ಇರುತ್ತದೆ. ಬದಲಿಸಿದ ಫಿಟ್ಟಿಂಗಿನ ಮೇಲೆ ಚೀಟಿ ಅಂಟಿಸಿ, ಮುಂದೆ ಯಾರೋ ಹಳೇ ಟ್ಯೂಬ್ ಹಾಕಿ ಶಾರ್ಟ್ ಮಾಡಿಕೊಳ್ಳದಿರಲಿ. ತೆಗೆದ ಟ್ಯೂಬ್‌ಗಳಲ್ಲಿ ಪಾದರಸ ಇರುತ್ತದೆ, ಕಸದ ಗಾಡಿಗೆ ಎಸೆಯದೆ ಬೇರೆಯಾಗಿ ವಿಲೇವಾರಿ ಮಾಡಿಸಿ.

ಟೆಂಡರಿನಲ್ಲಿ 'ಎಲ್‌ಇಡಿ ಟ್ಯೂಬ್, 20 ವಾಟ್' ಅಂತ ಬರೆದರೆ ಅತಿ ಅಗ್ಗದ್ದೇ ಬರುತ್ತದೆ. ಪ್ರತಿ ವಾಟಿಗೆ ಎಷ್ಟು ಲ್ಯೂಮೆನ್ (ಹೊರಬರುವ ಬೆಳಕಿನ ಅಳತೆ), ಕನಿಷ್ಠ ಪವರ್ ಫ್ಯಾಕ್ಟರ್, ಹಾರ್ಮೋನಿಕ್ಸ್ (ಕರೆಂಟಿನ ಅಲೆಯನ್ನು ಕೆಡಿಸುವ ಹೆಚ್ಚುವರಿ ಅಲೆಗಳು) ಮಿತಿ, ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆ, ಎಷ್ಟು ಗಂಟೆಯ ನಂತರವೂ ಶೇ 70 ಬೆಳಕು ಉಳಿಯಬೇಕು, ಗ್ಯಾರಂಟಿ ಎಷ್ಟು ವರ್ಷ, ಇಷ್ಟನ್ನೂ ಬರೆಯಿರಿ. ಅಗ್ಗದ ಲೈಟುಗಳ ಕೆಟ್ಟ ಪವರ್ ಫ್ಯಾಕ್ಟರ್ ಮತ್ತು ಹಾರ್ಮೋನಿಕ್ಸ್ ನೂರಾರು ಸೇರಿದಾಗ ನ್ಯೂಟ್ರಲ್ ತಂತಿ ಬಿಸಿಯಾಗುತ್ತದೆ. ಹೋಲಿಸುವಾಗ ಖರೀದಿ ಬೆಲೆ ಒಂದನ್ನೇ ನೋಡದೆ, ಅದರ ಆಯುಷ್ಯದುದ್ದಕ್ಕೂ ಬರುವ ಕರೆಂಟು ಮತ್ತು ರಿಪೇರಿ ಖರ್ಚನ್ನೂ ಕೂಡಿಸಿ. ನಿಮ್ಮ ಖರೀದಿ ನಿಯಮ ಇದಕ್ಕೆ ಒಪ್ಪುತ್ತದಾ ಅಂತ ಲೆಕ್ಕಪತ್ರ ವಿಭಾಗವನ್ನು ಮೊದಲೇ ಕೇಳಿ, ಟೆಂಡರ್ ತೆರೆದ ದಿನ ಅಲ್ಲ.

ಸೆನ್ಸರ್. ಶೌಚಾಲಯ, ದಾಸ್ತಾನು ಕೋಣೆ, ಮೆಟ್ಟಿಲು, ಸಭಾ ಕೋಣೆಗೆ ಸರಿ. ಜನ ಅಲುಗಾಡದೆ ಓದುವ ಕೋಣೆಯಲ್ಲಿ ಬರೀ ಚಲನೆ ನೋಡುವ ಸೆನ್ಸರ್ ಹಾಕಿದರೆ ಹತ್ತು ನಿಮಿಷಕ್ಕೊಮ್ಮೆ ಕೈ ಬೀಸಬೇಕಾಗುತ್ತದೆ. ಒಂದೇ ವಾರದಲ್ಲಿ ಅದರ ಮೇಲೆ ಟೇಪ್ ಬಿದ್ದಿರುತ್ತದೆ.

ಫ್ಯಾನು, ಪಂಪು. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ತೆಗೆದುಕೊಂಡರೆ ಕಡಿಮೆ ಕರೆಂಟು ತಿನ್ನುವ ಬೇರೆ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನವಿಡೀ ತಿರುಗುವ ಕಡೆ ಮೊದಲು ಬದಲಿಸಿ. ಗಾಳಿ ದೂಡುವ ದೊಡ್ಡ ಬ್ಲೋಯರ್ ಮತ್ತು ನೀರು ಸುತ್ತಿಸುವ ಪಂಪುಗಳಿಗೆ ವೇಗ ನಿಯಂತ್ರಕ ಹಾಕಿದರೆ ಲಾಭ ದೊಡ್ಡದು: ವೇಗವನ್ನು ಶೇ 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಬಾವಿಯಿಂದ ಎತ್ತರದ ಟ್ಯಾಂಕಿಗೆ ನೀರು ಏರಿಸುವ ಪಂಪಿನಲ್ಲಿ ಈ ಲೆಕ್ಕ ಹಾಗೇ ನಡೆಯುವುದಿಲ್ಲ, ಅಲ್ಲಿ ಎತ್ತರ ಇದ್ದಷ್ಟೇ ಇರುತ್ತದೆ. ಮಾರಾಟಗಾರರು ಈ ವ್ಯತ್ಯಾಸ ಹೇಳುವುದು ಕಡಿಮೆ.

ಈ ಬದಲಾವಣೆಗಳಾದ ಮೇಲೆ ಪವರ್ ಫ್ಯಾಕ್ಟರ್ ಸರಿಪಡಿಸುವ ಹಳೇ ಕ್ಯಾಪಾಸಿಟರ್‌ಗಳನ್ನು ಪರೀಕ್ಷಿಸಿ. ಹಳೇ ಲೋಡಿಗೆ ಅಳತೆ ಮಾಡಿ ಹಾಕಿದ್ದು ಹೊಸ ಲೋಡಿಗೆ ಜಾಸ್ತಿಯಾಗಿರಬಹುದು. ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆಗೆ (ಒಂದೇ ಹೊತ್ತಿನಲ್ಲಿ ಎಳೆದ ಅತಿ ಹೆಚ್ಚು ಲೋಡಿಗೆ) ಬೇರೆ ಶುಲ್ಕ ಇದ್ದರೆ, ಮಂಜೂರಾದ ಲೋಡನ್ನು ಕಡಿಮೆ ಮಾಡಿಸುವ ಅರ್ಜಿ ಕೊಡಿ. ಎಲ್ಲ ಋತುಗಳೂ ಕಳೆದು ನಿಜವಾದ ಗರಿಷ್ಠ ಎಷ್ಟು ಅಂತ ಗೊತ್ತಾದ ಮೇಲೆ ಕೊಡಿ, ಆತುರ ಪಟ್ಟರೆ ಬೇಸಿಗೆಯಲ್ಲಿ ದಂಡ ಬೀಳುತ್ತದೆ.

## ಹಂತ 8: ಸೋಲಾರ್

ಬಳಕೆ ಇಳಿದ ಮೇಲೆ, ಉಳಿದ ಬಳಕೆಗೆ ತಕ್ಕಷ್ಟು. ಚಾವಣಿ ರಿಪೇರಿ ಮತ್ತು ಶಾಖ ತಡೆಯುವ ಪದರ ಮುಗಿದಿರಬೇಕು, ಇಲ್ಲದಿದ್ದರೆ ಮುಂದೆ ಪ್ಯಾನೆಲ್ ಎಲ್ಲ ಬಿಚ್ಚಿ ಮತ್ತೆ ಕೂರಿಸಬೇಕು. ತೊಳೆಯಲು ನೀರಿನ ನಲ್ಲಿ ಮತ್ತು ಓಡಾಡಲು ದಾರಿ ಬಿಡಿಸಿ.

## ಹಂತ 9: ನಿಜವಾಗಿ ಉಳಿಯಿತಾ ಅಂತ ನೋಡುವುದು

ಹಿಂದಿನ ವರ್ಷ ಇಷ್ಟು, ಈ ವರ್ಷ ಇಷ್ಟು, ವ್ಯತ್ಯಾಸವೇ ಉಳಿತಾಯ ಅಂತ ಬರೆದರೆ ಯಾರಾದರೂ ಒಬ್ಬರು ಪ್ರಶ್ನೆ ಎತ್ತಿ ಇಡೀ ಲೆಕ್ಕ ಕೆಡವುತ್ತಾರೆ. ಈ ವರ್ಷ ಸೆಕೆ ಜಾಸ್ತಿ ಇದ್ದಿರಬಹುದು, ಗ್ರಂಥಾಲಯ ಭಾನುವಾರವೂ ತೆರೆಯಲು ಶುರುಮಾಡಿರಬಹುದು. ಹಾಗಾಗಿ ಕೆಲಸಕ್ಕೆ ಮುಂಚಿನ ಪೂರಾ 12 ತಿಂಗಳ ಯೂನಿಟ್ ಪಕ್ಕದಲ್ಲೇ ಆ ತಿಂಗಳ ಹವಾಮಾನ, ತೆರೆದಿದ್ದ ಗಂಟೆ, ಬಂದ ಜನ ಇವನ್ನೂ ಬರೆದಿಟ್ಟು, ಈಗಿನ ಪರಿಸ್ಥಿತಿಯಲ್ಲಿ ಹಳೇ ಕಟ್ಟಡ ಎಷ್ಟು ತಿನ್ನುತ್ತಿತ್ತು ಅಂತ ಲೆಕ್ಕ ಹಾಕಿ ಅದರ ಜೊತೆ ಹೋಲಿಸಬೇಕು. ಇದಕ್ಕೆ ಐಪಿಎಂವಿಪಿ (IPMVP) ಅನ್ನುವ, ಉಳಿತಾಯ ಅಳೆದು ಖಚಿತಪಡಿಸುವ ಅಂತರರಾಷ್ಟ್ರೀಯ ವಿಧಾನ ಇದೆ. ಉಳಿತಾಯದಿಂದಲೇ ಹಣ ಪಡೆಯುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದರೆ ಯಾವ ವಿಧಾನದಿಂದ ಅಳೆಯುವುದು, ಮೀಟರ್ ಯಾರದ್ದು, ಕಟ್ಟಡದ ಬಳಕೆ ಬದಲಾದರೆ ಲೆಕ್ಕ ಹೇಗೆ ಬದಲಾಗುತ್ತದೆ ಅಂತ ಸಹಿಗೆ ಮುಂಚೆಯೇ ಬರೆಸಿಕೊಳ್ಳಿ. ಹಲವು ಕಟ್ಟಡಗಳಿಗೆ ಕಾಯಂ ವ್ಯವಸ್ಥೆ ಬೇಕಾದರೆ ಇಂಧನ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 50001 ನೋಡಿ. 2011ರಲ್ಲಿ ಬಂದ ಈ ಮಾನದಂಡ 2018ರಲ್ಲಿ ಪರಿಷ್ಕರಣೆಯಾಗಿದೆ.

ತಿಂಗಳಿಗೊಮ್ಮೆ ರಾತ್ರಿಯ ಓದು ನಿಲ್ಲಿಸಬೇಡಿ. ಬಿಲ್ಲಿನಲ್ಲಿ ಏರಿಕೆ ಕಾಣುವ ಮುಂಚೆಯೇ ಅಲ್ಲಿ ಕಾಣುತ್ತದೆ, 4 ಕಿಲೋವಾಟ್ ಇದ್ದದ್ದು 7 ಆಯ್ತು ಅಂದರೆ ಯಾರೋ ಏನನ್ನೋ ಮತ್ತೆ 'ಮ್ಯಾನ್ಯುಯಲ್'ಗೆ ತಿರುಗಿಸಿದ್ದಾರೆ.

ಕೊನೆಯ ಬಿಲ್ ಪಾವತಿಸುವ ಮುಂಚೆ ಗುತ್ತಿಗೆದಾರರಿಂದ ಇಷ್ಟು ಕೈಗೆ ತೆಗೆದುಕೊಳ್ಳಿ: ಕನ್ನಡದಲ್ಲಿ ಬರೆದ, ಪ್ಯಾನೆಲ್ ಪಕ್ಕದಲ್ಲೇ ತೂಗುಹಾಕಬಹುದಾದ ಒಂದು ಪುಟದ ಸೂಚನೆ, ಬದಲಾದ ವೈರಿಂಗ್ ನಕ್ಷೆ, ನಿಮ್ಮ ಎಲೆಕ್ಟ್ರಿಷಿಯನ್‌ಗೆ ಯಂತ್ರದ ಮುಂದೆಯೇ ನಿಂತು ಕೊಟ್ಟ ತರಬೇತಿ, ಮತ್ತು ನಿಯಂತ್ರಣ ವ್ಯವಸ್ಥೆಯ ಪಾಸ್‌ವರ್ಡ್. ಪಾಸ್‌ವರ್ಡ್ ಹೊರಗಿನವರ ಹತ್ತಿರವೇ ಉಳಿದು, ಒಂದು ಟೈಮರ್ ಅರ್ಧ ಗಂಟೆ ಹಿಂದೆ ಸರಿಸಲೂ ದುಡ್ಡು ಕೊಟ್ಟು ಕರೆಸಬೇಕಾದ ಕಟ್ಟಡಗಳು ಬೇಕಾದಷ್ಟಿವೆ. ಅದನ್ನು ನಿಮ್ಮವರೇ ಹಾಕಿ, ಒಮ್ಮೆ ಲಾಗಿನ್ ಆಗಿ, ಸಮಯ ಬದಲಿಸಿ ನೋಡಿದ ಮೇಲೆ ಸಹಿ ಮಾಡಿ.